ಆರ್‌ಸಿಬಿ ಕರೆಯದೆ ಹೋದ ಮಾಸ್ತರರು

ಐಪಿಎಲ್ ಹತ್ತಿರ ಬಂದಂತೆ ಕೊಪ್ಪಳದ ಚಹಾದಂಗಡಿಗಳಲ್ಲಿ ಒಂದು ಹಳೆಯ ದೂರು ಮತ್ತೆ ಕುದಿಯಲು ಶುರುವಾಗುತ್ತದೆ. “ದ್ರಾವಿಡ್‌ನ ಕೋಚ್ ಮಾಡಿದ್ರ ಈ ಕಪ್ ಹತ್ತ ವರ್ಷದ ಹಿಂದನ ಬರ್ತಿತ್ತು ನೋಡ್ರಿ” ಎಂದು ಒಬ್ಬರು ಎತ್ತುತ್ತಾರೆ. “ಕುಂಬ್ಳೆ ಮನಿ ಮುಂದನ ಇದ್ದ. ಅವನ್ನ ಬಿಟ್ಟು ಫಾರಿನ್ನಿನವರನ್ನ ಹುಡಿಕ್ಯಾಡಿದ್ರು” ಎಂದು ಇನ್ನೊಬ್ಬರು ಮುಗಿಸುತ್ತಾರೆ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಕಪ್ ಸಿಕ್ಕ ಮೇಲೆ ಈ ಮಾತು ನಿಂತೀತು ಎಂದುಕೊಂಡಿದ್ದೆ. ನಿಲ್ಲಲಿಲ್ಲ, ಎರಡು ಪಂಗಡಗಳಾದವು ಅಷ್ಟೇ. “ದ್ರಾವಿಡ್ ಇಲ್ಲದೆಯೂ ಗೆದ್ದೆವಲ್ಲ, ಇನ್ನು ಬಾಯಿ ಮುಚ್ಚಿ” ಎನ್ನುವುದು ಒಂದು. “ಗೆದ್ದರೇನು, ನಮ್ಮವರು ಗೆಲ್ಲಿಸಬೇಕಿತ್ತು” ಎಂದು ಹಲುಬುವುದು ಇನ್ನೊಂದು. ನನಗೆ ಎರಡೂ ಪಂಗಡಗಳ ಮೇಲೆ ತಕರಾರಿದೆ. ತಂಡದ ಮಾಲೀಕರ ಮೇಲಿರುವ ತಕರಾರು ಇವೆರಡಕ್ಕಿಂತ ದೊಡ್ಡದು.

ಮೊದಲು ನಡೆದದ್ದನ್ನು ನೆನಪಿಸಿಕೊಳ್ಳೋಣ. 2008ರ ಜನವರಿಯಲ್ಲಿ ವಿಜಯ್ ಮಲ್ಯ 11 ಕೋಟಿ 16 ಲಕ್ಷ ಡಾಲರ್ ಕೊಟ್ಟು ಬೆಂಗಳೂರಿನ ತಂಡ ಕೊಂಡರು. ಹೆಸರಿನಲ್ಲಿ ಊರು ನಮ್ಮದು, ಉಳಿದದ್ದು ಅವರ ವಿಸ್ಕಿಯದು. ಮೊದಲ ವರ್ಷ ನಾಯಕ ದ್ರಾವಿಡ್, ಕೋಚ್ ವೆಂಕಟೇಶ್ ಪ್ರಸಾದ್. ಹದಿನಾಲ್ಕು ಪಂದ್ಯಗಳಲ್ಲಿ ನಾಲ್ಕು ಗೆಲುವು, ಎಂಟು ತಂಡಗಳಲ್ಲಿ ಏಳನೆಯ ಸ್ಥಾನ. ಟೂರ್ನಿ ಮುಗಿಯುವ ಮೊದಲೇ ಸಿಇಒ ಚಾರು ಶರ್ಮಾ ಅವರನ್ನು ಮನೆಗೆ ಕಳಿಸಿದ್ದಾಯಿತು. ತಂಡದ ಆಯ್ಕೆ ಸರಿಯಿರಲಿಲ್ಲವೆಂದು ಮಾಲೀಕರು ದ್ರಾವಿಡ್ ಅವರನ್ನು ಬಹಿರಂಗವಾಗಿಯೇ ದೂರಿದರು. ಪ್ರಸಾದ್ ಜಾಗಕ್ಕೆ ದಕ್ಷಿಣ ಆಫ್ರಿಕಾದ ರೇ ಜೆನ್ನಿಂಗ್ಸ್ ಬಂದರು. ಆಮೇಲೆ ಆ ಕುರ್ಚಿಯಲ್ಲಿ ವೆಟೋರಿ, ಕರ್ಸ್ಟನ್, ಕ್ಯಾಟಿಚ್, ನಡುವೆ ಕೆಲದಿನ ಹೆಸನ್, ಬಂಗಾರ್, ಈಗ ಆ್ಯಂಡಿ ಫ್ಲವರ್. ಪ್ರಸಾದ್ ಎದ್ದು ಹೋದ ಮೇಲೆ ಆ ಕುರ್ಚಿಯಲ್ಲಿ ಕರ್ನಾಟಕದವರು ಕೂತಿದ್ದನ್ನು ನಾವು ನೋಡಿಲ್ಲ.

ಕುಂಬ್ಳೆಯವರ ಕತೆ ಇನ್ನೂ ವಿಚಿತ್ರ. 2009ರಲ್ಲಿ ಟೂರ್ನಿಯ ನಡುವೆ ನಾಯಕತ್ವ ವಹಿಸಿಕೊಂಡು, ಹಿಂದೆ ಬಿದ್ದಿದ್ದ ತಂಡವನ್ನು ಫೈನಲ್ಲಿಗೆ ತಂದವರು ಅವರು. ಜೋಹಾನ್ಸ್‌ಬರ್ಗಿನ ಆ ಫೈನಲ್ಲಿನಲ್ಲಿ 16 ರನ್ನಿಗೆ 4 ವಿಕೆಟ್ ತೆಗೆದರು. ಆದರೂ ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ ಎದುರು 6 ರನ್ನಿನಿಂದ ಸೋತೆವು. (ಹದಿನಾರು ವರ್ಷದ ಮೇಲೆ ಪಂಜಾಬಿನ ಎದುರು ಗೆದ್ದದ್ದೂ ಅದೇ 6 ರನ್ನಿನಿಂದ. ಲೆಕ್ಕ ಚುಕ್ತಾ ಆಯಿತೆನ್ನಿ.) 2011ರಲ್ಲಿ ಅವರು ಆಟ ಬಿಟ್ಟು ತಂಡದ ಮಾರ್ಗದರ್ಶಕರಾದರು. 2013ರ ಆರಂಭದಲ್ಲಿ ಮುಂಬೈ ಇಂಡಿಯನ್ಸ್ ಅವರನ್ನು ಕರೆದುಕೊಂಡು ಹೋಯಿತು. ಆ ವರ್ಷವೇ ಮುಂಬೈಗೆ ಮೊದಲ ಕಪ್, 2015ರಲ್ಲಿ ಎರಡನೆಯದು.

ಅದೇ 2013ರ ಅಕ್ಟೋಬರಿನಲ್ಲಿ ದ್ರಾವಿಡ್ ಎಲ್ಲ ಬಗೆಯ ಕ್ರಿಕೆಟ್ಟಿನಿಂದ ನಿವೃತ್ತರಾದರು. ಬೆಂಗಳೂರಿನ ಮನುಷ್ಯ, ಬೆಂಗಳೂರಿನಲ್ಲೇ ಮನೆ, ಕೈಯಲ್ಲಿ ಕೆಲಸವಿಲ್ಲ. ಜೆನ್ನಿಂಗ್ಸ್ ಅವರ ಅವಧಿ ಮುಗಿದು ಆರ್‌ಸಿಬಿಯ ಕುರ್ಚಿಯೂ ಖಾಲಿಯಾಗುತ್ತಿತ್ತು. ಹೀಗೆ ಕೂಡಿಬರುವ ಗಳಿಗೆ ಪದೇ ಪದೇ ಬರುವುದಿಲ್ಲ. ಆರ್‌ಸಿಬಿ ಆ ಕುರ್ಚಿಯನ್ನು ಡೇನಿಯಲ್ ವೆಟೋರಿಗೆ ಕೊಟ್ಟಿತು. ಅವರು ಆಗಿನ್ನೂ ನ್ಯೂಜಿಲೆಂಡ್ ಪರ ಆಡುವುದನ್ನೇ ಬಿಟ್ಟಿರಲಿಲ್ಲ. ಕಲಿಸುವುದನ್ನು ಕಲಿಯಲಿಕ್ಕೆ ಅವರಿಗೆ ಐದು ಹಂಗಾಮು ಸಿಕ್ಕವು. ದ್ರಾವಿಡ್ ರಾಜಸ್ಥಾನಕ್ಕೆ ಮಾರ್ಗದರ್ಶಕರಾಗಿ ಹೋದರು, ಆಮೇಲೆ ದೆಹಲಿಗೆ.

2018ರಲ್ಲಿ ಮತ್ತೆ ಬಾಗಿಲು ತೆರೆಯಿತು. ವೆಟೋರಿ ಹೋದರು. ಕುಂಬ್ಳೆ ಭಾರತ ತಂಡದ ಕೋಚ್ ಹುದ್ದೆ ಬಿಟ್ಟು ಒಂದು ವರ್ಷ ಕಳೆದಿತ್ತು, ಖಾಲಿ ಇದ್ದರು. ಕರ್ಸ್ಟನ್ ಬಂದರು. 2019ರಲ್ಲಿ ಇನ್ನೊಮ್ಮೆ ತೆರೆಯಿತು, ಕ್ಯಾಟಿಚ್ ಮತ್ತು ಹೆಸನ್ ಬಂದರು. ಅದೇ ವರ್ಷ ಪಂಜಾಬ್ ಕುಂಬ್ಳೆಯವರನ್ನು ಕರೆದು ಮುಖ್ಯ ಕೋಚ್ ಮಾಡಿಕೊಂಡಿತು. ಆರ್‌ಸಿಬಿ ಯಾಕೆ ಕರೆಯಲಿಲ್ಲ ಎಂಬುದಕ್ಕೆ ಎಲ್ಲರೂ ಪಿಸುಗುಡುವ ಕಾರಣ ಒಂದಿದೆ. 2017ರ ಜೂನಿನಲ್ಲಿ ರಾಜೀನಾಮೆ ಕೊಡುವಾಗ ಕುಂಬ್ಳೆ, ತಮ್ಮ ರೀತಿಯ ಬಗ್ಗೆ ನಾಯಕನಿಗೆ ಆಕ್ಷೇಪವಿದೆಯೆಂದು ಮಂಡಳಿ ತಿಳಿಸಿದ್ದನ್ನು ಹೇಳಿಕೆಯಲ್ಲೇ ಬರೆದಿದ್ದರು. ಭಾರತದ ಆ ನಾಯಕರೇ ಆರ್‌ಸಿಬಿಯ ನಾಯಕರು. ಈ ನಂಟನ್ನು ನಾನು ಊಹೆ ಎಂದೇ ಹೇಳುತ್ತೇನೆ. ಆದರೆ ಆಟಗಾರನಿಗೆ ಹಿತವೆನಿಸುವವನೇ ಮಾಸ್ತರನಾಗಬೇಕು ಎಂಬ ನಿಯಮ ಬಂದರೆ, ಊರಿನ ಯಾವ ಶಾಲೆಯಲ್ಲೂ ಗಣಿತದ ಮಾಸ್ತರ ಉಳಿಯುವುದಿಲ್ಲ.

ಇನ್ನು ಎದುರಾಳಿಗಳ ವಕಾಲತ್ತನ್ನೂ ಸ್ವಲ್ಪ ಹೊತ್ತು ನಾನೇ ವಹಿಸುತ್ತೇನೆ, ಯಾಕೆಂದರೆ ಅವರ ಕೈಯಲ್ಲಿ ಗಟ್ಟಿ ಪುರಾವೆಗಳಿವೆ. ಕುಂಬ್ಳೆ ಮೂರು ವರ್ಷ ಕೋಚ್ ಆಗಿದ್ದ ಪಂಜಾಬ್ 2020, 2021, 2022 ಮೂರರಲ್ಲೂ ಆರನೆಯ ಸ್ಥಾನದಲ್ಲಿ ನಿಂತಿತು. ದ್ರಾವಿಡ್ ಭಾರತಕ್ಕೆ 2024ರ ಟಿ20 ವಿಶ್ವಕಪ್ ಗೆಲ್ಲಿಸಿ, ಜಗತ್ತೇ ಕೊಂಡಾಡುತ್ತಿದ್ದಾಗ ರಾಜಸ್ಥಾನಕ್ಕೆ ಮುಖ್ಯ ಕೋಚ್ ಆಗಿ ಹೋದರು. 2025ರಲ್ಲಿ ಆ ತಂಡ ಹದಿನಾಲ್ಕರಲ್ಲಿ ನಾಲ್ಕು ಗೆದ್ದು ಒಂಬತ್ತನೆಯ ಸ್ಥಾನಕ್ಕೆ ಕುಸಿಯಿತು, ಆಗಸ್ಟಿನಲ್ಲಿ ದ್ರಾವಿಡ್ ಹೊರಬಂದರು. ಅದೇ ವರ್ಷ ಜಿಂಬಾಬ್ವೆಯ ಫ್ಲವರ್, ಇಂದೋರಿನ ರಜತ್ ಪಾಟೀದಾರ್ ನಾಯಕತ್ವದಲ್ಲಿ ನಮಗೆ ಕಪ್ ತಂದುಕೊಟ್ಟರು. ಕೋಚ್ ಹುಟ್ಟಿದ ಊರಿನಿಂದ ಕಪ್ ಬರುವುದಿಲ್ಲ, ಹೆಸರಿನ ತೂಕದಿಂದಲೂ ಬರುವುದಿಲ್ಲ. ‘ನಮ್ಮವನೇ ಆಗಬೇಕಿತ್ತು’ ಎಂದು ಎದೆ ಬಡಿದುಕೊಳ್ಳುವ ಎರಡನೆಯ ಪಂಗಡಕ್ಕೆ ಇಷ್ಟು ಸಾಕು.

ಹಾಗಾದರೆ ಕಳೆದುಕೊಂಡದ್ದೇನು? ಏನೂ ಇಲ್ಲ ಎನ್ನುತ್ತದೆ ಮೊದಲನೆಯ ಪಂಗಡ. ಇಲ್ಲಿಂದ ನನ್ನ ಜಗಳ ಅವರ ಜೊತೆ.

ನಮ್ಮ ಕಡೆ ಹಳ್ಳಿಯಲ್ಲಿ ಜಾತ್ರೆಗೆ ನಾಟಕ ಆಡುವುದೆಂದರೆ ಏನೆಂದು ಬಲ್ಲವರಿಗೆ ಇದು ಬೇಗ ಅರ್ಥವಾದೀತು. ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿಯುತ್ತಿದ್ದಂತೆ ಹುಡುಗರು ಪಟ್ಟಿ ಎತ್ತುತ್ತಾರೆ. ಹಾರ್ಮೋನಿಯಂ ಹೊತ್ತುಕೊಂಡು ನಾಟಕದ ಮಾಸ್ತರ ಬರುತ್ತಾನೆ. ಎರಡು ಮೂರು ತಿಂಗಳು ಊರಲ್ಲೇ ಇರುತ್ತಾನೆ, ದಿನಕ್ಕೊಂದು ಮನೆಯಲ್ಲಿ ಊಟ. ಹಗಲು ಹೊಲದಲ್ಲಿ ಬೆವರು ಹರಿಸಿ ಬಂದ ಹುಡುಗರಿಗೆ ರಾತ್ರಿ ಮಾತು, ಹಾಡು, ನಿಲ್ಲುವುದು, ತಿರುಗುವುದು ಕಲಿಸುತ್ತಾನೆ. ‘ಸ’ ಮತ್ತು ‘ಶ’ ಬೇರೆ ಎಂಬುದು ನಮ್ಮೂರಿನ ಎಷ್ಟೋ ಗಂಡಸರಿಗೆ ತಿಳಿದದ್ದು ಶಾಲೆಯಲ್ಲಲ್ಲ, ಅವನ ಬೈಗುಳದಲ್ಲಿ. ನಾಟಕದ ರಾತ್ರಿ ಹೊರಗಿನಿಂದ ಹೆಸರಾಂತ ಕಲಾವಿದೆಯರು ಬರುತ್ತಾರೆ, ಕರಪತ್ರದಲ್ಲಿ ಅವರ ಹೆಸರು ದಪ್ಪಕ್ಷರದಲ್ಲಿರುತ್ತದೆ, ಜನ ಸೇರುವುದೂ ಅವರನ್ನು ನೋಡಲಿಕ್ಕೇ. ಅದರಲ್ಲಿ ತಪ್ಪೇನಿಲ್ಲ. ಆದರೆ ಪಟ್ಟಿಯ ರೊಕ್ಕವನ್ನೆಲ್ಲ ದೊಡ್ಡ ಹೆಸರಿಗೆ, ಸೀನರಿಗೆ, ಮೈಕಿಗೆ ಸುರಿದು ಮಾಸ್ತರನನ್ನು ಹದಿನೈದೇ ದಿನಕ್ಕೆ ಕರೆಸಿದ ಊರಿನ ನಾಟಕ ನೋಡಬೇಕು ನೀವು. ಆ ರಾತ್ರಿ ಗದ್ದಲವೇನೋ ಜೋರಿರುತ್ತದೆ. ಮರುವರ್ಷ ಆ ಊರಲ್ಲಿ ಒಬ್ಬನಿಗೂ ಒಂದು ಮಾತು ನೆಟ್ಟಗೆ ಬರುವುದಿಲ್ಲ.

ಆರ್‌ಸಿಬಿ ಹದಿನೆಂಟು ವರ್ಷ ಆಡಿದ್ದು ಇಂಥ ನಾಟಕ. ಹೆಸರು ಇರಲಿಲ್ಲವೆಂದಲ್ಲ, ಅವರ ಬಳಿ ಹೆಸರುಗಳು ರಾಶಿ ಬಿದ್ದಿದ್ದವು. ಅವರು ದ್ರಾವಿಡ್ ಅವರನ್ನು ಬಿಟ್ಟದ್ದೂ, ಕರ್ಸ್ಟನ್ ಅವರನ್ನು ಕರೆದದ್ದೂ ಒಂದೇ ಕಣ್ಣಿನಿಂದ. ಮುಂದಿನ ಎರಡು ತಿಂಗಳಲ್ಲಿ ಈತ ಏನು ಕೊಡುತ್ತಾನೆ ಎಂಬುದೇ ಆ ಕಣ್ಣಿಗೆ ಕಾಣುವುದು.

ದ್ರಾವಿಡ್ ಎಂಥ ಮಾಸ್ತರ ಎಂಬುದು ಐಪಿಎಲ್ ಅಂಕಪಟ್ಟಿಯಲ್ಲಿ ಸಿಗುವುದಿಲ್ಲ. 2017ರಲ್ಲಿ ದೆಹಲಿ ತಂಡದ ಕೆಲಸ ಇಲ್ಲವೇ ಹತ್ತೊಂಬತ್ತರ ಒಳಗಿನ ಹುಡುಗರು ಮತ್ತು ಭಾರತ ‘ಎ’ ತಂಡ, ಎರಡರಲ್ಲೊಂದು ಆರಿಸಿಕೊಳ್ಳಬೇಕಾಗಿ ಬಂದಾಗ ಅವರು ಹುಡುಗರನ್ನು ಆರಿಸಿಕೊಂಡರು. 2018ರಲ್ಲಿ ಆ ಹುಡುಗರು ವಿಶ್ವಕಪ್ ಗೆದ್ದರು. ಮಂಡಳಿ ದ್ರಾವಿಡ್ ಅವರಿಗೆ 50 ಲಕ್ಷ, ಉಳಿದ ಸಿಬ್ಬಂದಿಗೆ ತಲಾ 20 ಲಕ್ಷ ಘೋಷಿಸಿತು. ಇದು ಸರಿಯಲ್ಲ ಎಂದು ಅವರು ತಕರಾರು ತೆಗೆದರು. ಕೊನೆಗೆ ಅವರನ್ನೂ ಸೇರಿಸಿ ಎಲ್ಲರಿಗೂ 25 ಲಕ್ಷವಾಯಿತು. ತನ್ನ ಪಾಲು ಅರ್ಧಕ್ಕಿಳಿದರೂ ಚೆಂಡು ಎಸೆದುಕೊಟ್ಟವನ ಪಾಲು ಹೆಚ್ಚಲಿ ಎಂದವರು. 2024ರಲ್ಲೂ ತಮಗೆ ಹೆಚ್ಚಿಗೆ ಬಂದ ಎರಡೂವರೆ ಕೋಟಿಯನ್ನು ಬಿಟ್ಟುಕೊಟ್ಟು ಉಳಿದ ಕೋಚ್‌ಗಳಷ್ಟೇ ತೆಗೆದುಕೊಂಡರು. ಇಂಥವರಿಗೆ ಎರಡು ತಿಂಗಳ ಡಗೌಟ್ ಕೊಡುವುದಲ್ಲ, ಹತ್ತು ತಿಂಗಳ ಕರ್ನಾಟಕ ಕೊಡಬೇಕಿತ್ತು. ‘ಬೀದರಿನಿಂದ ಚಾಮರಾಜನಗರದ ತನಕ ತಿರುಗಿ, ಹುಡುಗ ಹುಡುಗಿಯರನ್ನು ಹುಡುಕಿ, ಅವರಿಗೆ ಕಲಿಸುವವರನ್ನು ತಯಾರು ಮಾಡಿ, ಖರ್ಚು ನಮ್ಮದು’ ಎಂದು 2013ರಲ್ಲಿ ಅವರ ಮುಂದೆ ಒಂದು ಕಾಗದ ಇಟ್ಟಿದ್ದರೆ ಈ ಹೊತ್ತಿಗೆ ಹನ್ನೆರಡು ವರ್ಷದ ಬೆಳೆ ಬಂದಿರುತ್ತಿತ್ತು. ಕಳೆದುಕೊಂಡದ್ದು ಇದು. ಕಪ್ಪಿನ ಲೆಕ್ಕದಲ್ಲಿ ಇದು ಕಾಣಿಸುವುದಿಲ್ಲ.

ಫುಟ್‌ಬಾಲ್ ನೋಡುವವರ ಬಾಯಲ್ಲಿ ಇಂಥ ಕತೆಗಳು ಬಹಳ. ಕೈತಪ್ಪಿದ ಮ್ಯಾನೇಜರನ ಹೆಸರು ಹೇಳಿ ನಿಟ್ಟುಸಿರು ಬಿಡದ ಕ್ಲಬ್ ಇರಲಾರದು. ಆದರೆ ಒಂದು ಕತೆ ಉಲ್ಟಾ ಇದೆ. 2008ರಲ್ಲಿ ಬಾರ್ಸಿಲೋನಾದ ಅಧಿಕಾರಿಗಳು ಲಿಸ್ಬನ್‌ಗೆ ಹೋಗಿ ಜೋಸೆ ಮೌರಿನ್ಯೋ ಅವರನ್ನು ಸಂದರ್ಶನ ಮಾಡಿ ಬಂದರು. ಆಗ ಅದಕ್ಕಿಂತ ದೊಡ್ಡ ಹೆಸರಿರಲಿಲ್ಲ. ಕೊನೆಗೆ ಅವರನ್ನು ಬಿಟ್ಟು, ತಮ್ಮದೇ ಎರಡನೇ ತಂಡದ ಹುಡುಗರಿಗೆ ಕಲಿಸುತ್ತಿದ್ದ ಪೆಪ್ ಗಾರ್ಡಿಯೋಲಾ ಅವರನ್ನು ಮೇಲಕ್ಕೆ ತಂದರು. ಮರುವರ್ಷವೇ ಲೀಗ್, ದೇಶದ ಕಪ್, ಯುರೋಪಿನ ಕಪ್ ಮೂರೂ ಬಂದವು. ದೊಡ್ಡ ಹೆಸರು ಕೈತಪ್ಪಿದರೆ ನಷ್ಟವಾಗದಿರಬೇಕಾದರೆ ಮನೆಯೊಳಗೆ ಒಬ್ಬ ಮಾಸ್ತರ ಬೆಳೆಯುತ್ತಿರಬೇಕು, ಅವನು ಬೆಳೆಯುತ್ತಿರುವುದು ಮನೆಯವರ ಕಣ್ಣಿಗೆ ಬಿದ್ದಿರಬೇಕು.

ನಮ್ಮಲ್ಲಿ ಅಂಥವರು ಇರಲಿಲ್ಲವೆ? 2013-14 ಮತ್ತು 2014-15ರಲ್ಲಿ ಕರ್ನಾಟಕ ಸತತ ಎರಡು ಬಾರಿ ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ಗೆದ್ದಿತು. ಎರಡು ವರ್ಷದಲ್ಲಿ ಆರು ಟ್ರೋಫಿ. ನಾಯಕ ದಾವಣಗೆರೆಯ ವಿನಯ್ ಕುಮಾರ್, ಕೋಚ್ ಜೆ. ಅರುಣ್‌ಕುಮಾರ್. 2008ರಲ್ಲಿ ಆರ್‌ಸಿಬಿಗೇ ಆಡಿದ್ದವರು ಅವರು. ವೆಟೋರಿ ಪಾಠ ಕಲಿಯುತ್ತಿದ್ದ ಅದೇ ದಿನಗಳಲ್ಲಿ, ಅದೇ ಚಿನ್ನಸ್ವಾಮಿ ಮೈದಾನದಲ್ಲಿ ಈ ಮನುಷ್ಯ ಟ್ರೋಫಿ ಎಣಿಸುತ್ತಿದ್ದರು. 2020ರಲ್ಲಿ ಅಮೆರಿಕದವರಿಗೆ ಅವರು ಕಂಡರು, ಕರೆದು ತಮ್ಮ ರಾಷ್ಟ್ರೀಯ ತಂಡಕ್ಕೆ ಮುಖ್ಯ ಕೋಚ್ ಮಾಡಿಕೊಂಡರು. ಕಬ್ಬನ್ ಪಾರ್ಕಿನ ಪಕ್ಕದಲ್ಲಿ ಕೂತವರಿಗೆ ಕಾಣಲಿಲ್ಲ. ರಾಯಚೂರಿನ ಯರೇಗೌಡರ ಹೆಸರನ್ನಂತೂ ಈ ಜಗಳದಲ್ಲಿ ಯಾರೂ ಎತ್ತುವುದೇ ಇಲ್ಲ. ರೈಲ್ವೇಸ್‌ಗೂ ಕರ್ನಾಟಕಕ್ಕೂ ಆಡಿ, ಮುಂದೆ ಕರ್ನಾಟಕ ತಂಡದ ಕೋಚ್ ಆದ ನಮ್ಮ ಸೀಮೆಯ ಮನುಷ್ಯ. ‘ಕನ್ನಡಿಗ ಕೋಚ್ ಬೇಕು’ ಎಂದು ಅಳುವವರ ಬಾಯಲ್ಲಿ ಬರುವುದು ಎರಡೇ ಹೆಸರು. ಅಂದಮೇಲೆ ಅವರಿಗೂ ಬೇಕಿರುವುದು ದಪ್ಪಕ್ಷರದ ಹೆಸರೇ, ಮಾಸ್ತರನಲ್ಲ.

ಈ ಚಟ ಬೆಂಗಳೂರಿನ ತಂಡವೊಂದಕ್ಕೇ ಅಂಟಿದ್ದಲ್ಲ. 2025ರ ಜುಲೈಯಲ್ಲಿ ಭಾರತದ ಫುಟ್‌ಬಾಲ್ ಕೋಚ್ ಹುದ್ದೆಗೆ ಸ್ಪೇನಿನ ಚಾವಿ ಅರ್ಜಿ ಹಾಕಿದ್ದಾರೆಂದು ಸುದ್ದಿಯಾಯಿತು. ದುಬಾರಿ ಎಂದು ಬಿಡಬೇಕಾಯಿತಂತೆ! ಎರಡು ದಿನ ದೇಶವೆಲ್ಲ ಅಯ್ಯೋ ಎಂದಿತು. ಆಮೇಲೆ ನೋಡಿದರೆ ಚಾವಿ ಹೆಸರಿನಲ್ಲಿ, ಗಾರ್ಡಿಯೋಲಾ ಹೆಸರಿನಲ್ಲಿ ಬಂದಿದ್ದ ಆ ಇಮೇಲ್‌ಗಳು ಅಸಲಿಯಲ್ಲ ಎಂದು ಫೆಡರೇಷನ್ನೇ ಹೇಳಬೇಕಾಯಿತು. ಕೈತಪ್ಪಿದ ದೊಡ್ಡ ಹೆಸರಿಗಾಗಿ ಅಳುವ ರೂಢಿ ಎಷ್ಟು ಆಳಕ್ಕಿಳಿದಿದೆಯೆಂದರೆ, ಕೈಗೆ ಬರದೇ ಇದ್ದುದಕ್ಕೂ ನಾವು ಅತ್ತೆವು.

ಈಗ ನಮ್ಮೂರಿಗೆ ಬರುತ್ತೇನೆ. ಈ ಜಗಳದಲ್ಲಿ ಕೊಪ್ಪಳದವನಿಗೇನು ಕೆಲಸ ಎಂದು ಯಾರಾದರೂ ಕೇಳಿದರೆ ಅದು ಸರಿಯಾದ ಪ್ರಶ್ನೆಯೇ. 2025 ನಮ್ಮ ಜಿಲ್ಲೆಗೆ ದೊಡ್ಡ ವರ್ಷ. ದಶಕಗಟ್ಟಲೆ ಬರೀ ಮಾತಿನಲ್ಲಿದ್ದ ರೈಲು ಮೇ ತಿಂಗಳಲ್ಲಿ ಕುಷ್ಟಗಿಗೆ ಬಂತು, ಜೂನಿನಲ್ಲಿ ಕಪ್ ಬಂತು. ಕಪ್ ಬಂದ ರಾತ್ರಿ ಗಂಗಾವತಿಯಲ್ಲಿ ಪಟಾಕಿ ಹಾರಿಸಿದವರು ಬಹುಪಾಲು ಚಿನ್ನಸ್ವಾಮಿ ಮೈದಾನ ಕಣ್ಣಲ್ಲಿ ಕಂಡವರಲ್ಲ, ಆ ಟಿಕೆಟ್ಟಿನ ಬೆಲೆ ಅವರಿಗೆ ನಿಲುಕುವಂಥದ್ದೂ ಅಲ್ಲ. ಮರುದಿನ ಅದೇ ಮೈದಾನದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು, ಹೆಚ್ಚಿನವರು ಎಳೆಯರು. ಈ ತಂಡಕ್ಕೆ ನಾಡು ಕೊಟ್ಟಿರುವುದು ಸಣ್ಣದಲ್ಲ. ಊರಿನ ಹೆಸರು ಕೊಟ್ಟಿದೆ, ಭಾಷೆ ಕೊಟ್ಟಿದೆ, ‘ಈ ಸಲ ಕಪ್ ನಮ್ದೇ’ ಎಂಬ ಮಾತು ಕೊಟ್ಟಿದೆ, ಹದಿನೇಳು ವರ್ಷ ಸೋತರೂ ಬಿಡದ ನಂಬಿಕೆ ಕೊಟ್ಟಿದೆ. ತಿರುಗಿ ಬಂದದ್ದೇನು? 2014ರಲ್ಲಿ ಬೆಂಗಳೂರಾದ ಊರಿನ ಹೆಸರನ್ನು ತಂಡ ಸರಿಯಾಗಿ ಬರೆದುಕೊಂಡದ್ದು 2024ರಲ್ಲಿ. ಕೊಪ್ಪಳದ ಬಯಲುಗಳಲ್ಲಿ ನನ್ನ ಕಣ್ಣಿಗೆ ಬಿದ್ದ ಆರ್‌ಸಿಬಿ ಎಂದರೆ ಸಂತೆಯಲ್ಲಿ ಕೊಂಡ ಕೆಂಪು ಅಂಗಿಗಳು ಮಾತ್ರ.

ಆ ಅಂಗಿ ತೊಟ್ಟವರು ಆಡುವುದನ್ನು ನೋಡಬೇಕು. ಭತ್ತ ಕೊಯ್ದ ಗದ್ದೆಯಲ್ಲಿ, ಕಾಲೇಜಿನ ಬಯಲಿನಲ್ಲಿ, ಟೆನಿಸ್ ಚೆಂಡಿನಲ್ಲಿ. ಟೂರ್ನಿಗೆ ಬಹುಮಾನ ಕೊಡಲು ಮುಖಂಡರು ಇರುತ್ತಾರೆ, ಟ್ರೋಫಿ ಹುಡುಗನ ಎದೆಯೆತ್ತರ ಇರುತ್ತದೆ. ಬೌಲ್ ಮಾಡುವ ಹುಡುಗನ ಮುಂಗಾಲು ತಪ್ಪಿ ಬೀಳುತ್ತಿದೆ ಎಂದು ಹೇಳುವ ಒಬ್ಬ ಮನುಷ್ಯ ಇರುವುದಿಲ್ಲ. ರಾಜ್ಯ ಕ್ರಿಕೆಟ್ ಸಂಸ್ಥೆಯ ರಾಯಚೂರು ವಲಯಕ್ಕೆ ಸೇರಿದವರು ನಾವು. ಕ್ರಿಕೆಟ್ಟನ್ನು ನೆಚ್ಚಿಕೊಂಡ ಹುಡುಗ ಒಂದಲ್ಲ ಒಂದು ದಿನ ಚೀಲ ಕಟ್ಟಿಕೊಂಡು ಬೆಂಗಳೂರಿಗೆ ಹೋಗಲೇಬೇಕು, ಅಲ್ಲಿ ಬಾಡಿಗೆ ಕಟ್ಟಲು ಅಪ್ಪ ಎತ್ತು ಮಾರಲೇಬೇಕು. ರಾಯಚೂರಿನ ಮನೋಜ್ ಭಾಂಡಗೆ 2025ರ ಗೆದ್ದ ತಂಡದಲ್ಲಿದ್ದರು. ಬಹುಪಾಲು ದಿನ ಬೆಂಚಿನ ಮೇಲೇ ಕೂತಿದ್ದರು. ನಮ್ಮ ಸೀಮೆಯವರು ಆ ಬೆಂಚು ಮುಟ್ಟಲಿಕ್ಕೂ ಎಷ್ಟು ದೂರ ನಡೆಯಬೇಕೆಂದು ನಮಗೆ ಗೊತ್ತು, ಹಾಗಾಗಿ ಆ ಬೆಂಚಿಗೂ ಇಲ್ಲಿ ಚಪ್ಪಾಳೆ ಬಿತ್ತು.

ಮಾಲೀಕರನ್ನಷ್ಟೇ ಬೈದು ಕೈತೊಳೆದುಕೊಳ್ಳುವುದೂ ಸರಿಯಲ್ಲ. 1956ರ ತನಕ ನಾವು ಹೈದರಾಬಾದ್ ರಾಜ್ಯದವರು. ಭಾರತದ ಫುಟ್‌ಬಾಲ್ ಕಂಡ ಅತಿ ದೊಡ್ಡ ಕೋಚ್ ಸೈಯದ್ ಅಬ್ದುಲ್ ರಹೀಂ ಅದೇ ರಾಜ್ಯದವರು. ಅವರ ಕಸುಬು ಶಾಲಾ ಮಾಸ್ತರಿಕೆ! ಹೈದರಾಬಾದಿನ ಶಾಲೆಗಳಲ್ಲಿ ಪಾಠ ಹೇಳುತ್ತ, ದೈಹಿಕ ಶಿಕ್ಷಣದ ಡಿಪ್ಲೊಮಾ ಮಾಡಿಕೊಂಡು, ಹುಡುಗರನ್ನು ಆಡಿಸುತ್ತ ಬೆಳೆದವರು. ಅವರು ಪಳಗಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದಿತು. ಭಾರತ 1951ರಲ್ಲಿ ಮತ್ತು 1962ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದದ್ದು ಅವರ ಕೈಕೆಳಗೆ. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಅದಾಗಿ ಕೆಲವೇ ವಾರಗಳಲ್ಲಿ ರಹೀಂ ಅವರ ತಂಡ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಆ ತಂಡದಲ್ಲಿ ಕನ್ನಡ ನಾಡಿನ ಕೆಂಪಯ್ಯ ಆಡಿದ್ದರು. ದೇಶ ಕಂಡ ಅತಿ ದೊಡ್ಡ ಕೋಚ್ ಹುಟ್ಟಿದ್ದು ಹರಾಜಿನಲ್ಲಲ್ಲ, ಶಾಲೆಯ ಬಯಲಿನಲ್ಲಿ.

ಅಂಥ ಬಯಲಿನಲ್ಲಿ ಈಗ ಯಾರಿದ್ದಾರೆ? ದೈಹಿಕ ಶಿಕ್ಷಕರ ನೇಮಕಾತಿ ವರ್ಷಗಳಿಂದ ನೆನೆಗುದಿಗೆ ಬಿದ್ದಿದೆ. ನಮ್ಮ ತಾಲೂಕುಗಳಲ್ಲಿ ಪಿ.ಟಿ. ಮಾಸ್ತರೇ ಇಲ್ಲದ ಶಾಲೆಗಳಿವೆ. ಇದ್ದಲ್ಲಿ ಅವರ ಕೈಯಲ್ಲಿ ಬಿಸಿಯೂಟದ ಲೆಕ್ಕ, ಮತಪಟ್ಟಿ, ಗಣತಿ, ಆಗಸ್ಟ್ ಹದಿನೈದರ ಕವಾಯತು. ಇಷ್ಟೆಲ್ಲದರ ನಡುವೆಯೂ ಸಂಜೆ ಉಳಿದು ಹುಡುಗಿಯರಿಗೆ ಖೋಖೋ ಕಲಿಸುವವರನ್ನು, ಸ್ವಂತ ರೊಕ್ಕದಲ್ಲಿ ವಾಲಿಬಾಲ್ ನೆಟ್ ತಂದವರನ್ನು ನಾನು ಬಲ್ಲೆ. ಅವರ ವರ್ಗಾವಣೆಯಾದ ದಿನ ಯಾವ ಚಹಾದಂಗಡಿಯಲ್ಲೂ ಸುದ್ದಿಯಾಗುವುದಿಲ್ಲ. 2011ರಲ್ಲಿ ರಾಜಸ್ಥಾನ ದ್ರಾವಿಡ್ ಅವರನ್ನು ಎಷ್ಟು ಡಾಲರಿಗೆ ಕೊಂಡಿತೆಂದು ಬಾಯಿಪಾಠ ಹೇಳುವ ನಮ್ಮ ಹುಡುಗರಿಗೆ, ತಮ್ಮ ಶಾಲೆಯ ಪಿ.ಟಿ. ಮಾಸ್ತರ ಯಾವಾಗ ಹೋದರೆಂದು ಕೇಳಿದರೆ ನೆನಪಾಗುವುದಿಲ್ಲ.

ಆರ್‌ಸಿಬಿಗೆ ನನ್ನ ಬೇಡಿಕೆ ಸಣ್ಣದು. ದ್ರಾವಿಡ್ ಬರಲಿ ಎನ್ನುವುದಿಲ್ಲ, ಮುಖ್ಯ ಕೋಚ್ ಯಾರಾದರೂ ಆಗಲಿ, ಅವರು ಎಲ್ಲಿಯವರಾದರೂ ಆಗಲಿ. ಹರಾಜಿನಲ್ಲಿ ಒಬ್ಬ ಮೀಸಲು ಆಟಗಾರನಿಗೆ ಇಡುವಷ್ಟು ರೊಕ್ಕದಲ್ಲಿ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗೆ ಏಳು ಜನ ಮಾಸ್ತರರನ್ನು ಇಡಲಿ. ವರ್ಷಪೂರ್ತಿ ಸಂಬಳ ಕೊಡಲಿ, ಜಾಹೀರಾತಿನ ಶಿಬಿರದ ಮೂರು ದಿನಕ್ಕಲ್ಲ. ಅವರ ಹೆಸರನ್ನು ಯಾರೂ ಕೇಳಿರಬೇಕಾಗಿಲ್ಲ. ದಾರಿಯೇನೂ ಕಷ್ಟವಿಲ್ಲ: ರಾತ್ರಿ ಬೆಂಗಳೂರಿನಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಕೊಪ್ಪಳದಲ್ಲಿ ಇಳಿಯಬಹುದು. ಅಲ್ಲಿಂದ ಕುಷ್ಟಗಿಗೂ ಯಲಬುರ್ಗಾಕ್ಕೂ ಬಸ್ಸಿದೆ. ಊಟದ ಚಿಂತೆ ಬೇಡ, ನಾಟಕದ ಮಾಸ್ತರನನ್ನು ಸಾಕಿದ ಊರುಗಳು ಇವು.